ಪರಿಸರ ವಿಜ್ಞಾನದ ಸಂಶೋಧನಾ ಪ್ರಯೋಗಾಲಯಕ್ಕೆ ಸೇರಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಅಂಚಿನ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ನೀರು ಮತ್ತು ಮಣ್ಣಿನ ಕುರಿತು ಸಂಶೋಧನೆ ನಡೆಸುವ ಸಣ್ಣ ಪ್ರಯೋಗಾಲಯ ನಮ್ಮದು. ಇಲ್ಲಿಗೆ ಸೇರಬೇಕೆಂದಿರುವವರು ಪತ್ರ ಬರೆದು, ಫೋನ್ ಮಾಡಿ, ಕೆಲವೊಮ್ಮೆ ತಂದೆ ತಾಯಿಯನ್ನು ಜೊತೆಗೆ ಕರೆತಂದು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಕೊಟ್ಟಿದ್ದೇನೆ. ಸರ್ಕಾರದ ಮತ್ತು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನಿಯಮ ಯಾವುದು, ನಮ್ಮ ಪ್ರಯೋಗಾಲಯದ ರೂಢಿ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಹೇಳಲು ಪ್ರಯತ್ನಿಸಿದ್ದೇನೆ.

## ಮೊದಲ ಹೆಜ್ಜೆ

ಮೇಡಂ, ಪರಿಸರ ವಿಜ್ಞಾನದ ಲ್ಯಾಬಿನಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ? ಗಿಡ ನೆಡೋದು, ಜಾಗೃತಿ ಮೂಡಿಸೋದು ಇಷ್ಟೇನಾ?

ಗಿಡ ನೆಡುವುದು ಒಳ್ಳೆಯ ಕೆಲಸ, ಆದರೆ ಪ್ರಯೋಗಾಲಯದ ದಿನಚರಿಯಲ್ಲಿ ಅದಕ್ಕೆ ಜಾಗ ಕಡಿಮೆ. ನಮ್ಮಲ್ಲಿ ವಾರದ ಎರಡು ದಿನ ಕೆರೆ, ಹೊಳೆ, ಕೊಳವೆಬಾವಿಗಳಿಂದ ನೀರಿನ ಮಾದರಿ ತರುವುದರಲ್ಲಿ ಕಳೆಯುತ್ತವೆ. ಉಳಿದ ದಿನಗಳಲ್ಲಿ ಆ ನೀರಿನ ಗಡಸುತನ, ಕ್ಷಾರೀಯತೆ, ಕರಗಿದ ಆಮ್ಲಜನಕ, ನೈಟ್ರೇಟ್, ಫ್ಲೋರೈಡ್ ಮುಂತಾದವನ್ನು ಅಳೆಯುತ್ತೇವೆ. ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕವನ್ನು ಅಳೆಯುವ ಬಿಒಡಿ ಎಂಬ ಒಂದೇ ಪರೀಕ್ಷೆಯನ್ನು ತೆಗೆದುಕೊಂಡರೂ, ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇರಿಸಿ, ಮೊದಲ ದಿನದ ಮತ್ತು ಕೊನೆಯ ದಿನದ ಆಮ್ಲಜನಕದ ವ್ಯತ್ಯಾಸವನ್ನು ಕಂಡುಹಿಡಿಯಬೇಕು; ನಡುವೆ ಕರೆಂಟು ಹೋಗಿ ಇನ್‌ಕ್ಯುಬೇಟರ್ ನಿಂತರೆ ಮತ್ತೆ ಕೆರೆಗೇ ಹೋಗಬೇಕು. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು, ಅಂಕಿಗಳನ್ನು ಪುಸ್ತಕದಲ್ಲಿ ಬರೆಯುವುದು ಇವೆಲ್ಲ ಸಂಶೋಧನೆಯ ಭಾಗವೇ. ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಪಾಳಿಯಲ್ಲಿ ನನ್ನ ಹೆಸರೂ ಇದೆ, ಗಂಡು ಹುಡುಗರ ಹೆಸರೂ ಇದೆ.

ನನ್ನದು ರಸಾಯನಶಾಸ್ತ್ರದ ಎಂ.ಎಸ್ಸಿ., ಪರಿಸರ ವಿಜ್ಞಾನ ಓದಿಲ್ಲ. ಸೇರಿಸಿಕೊಳ್ತೀರಾ?

ಸೇರಬಹುದು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ಭೂಗೋಳ ಓದಿದವರು ಈ ಕ್ಷೇತ್ರಕ್ಕೆ ಬರುವುದು ಮೊದಲಿನಿಂದಲೂ ಇದೆ. ಆದರೆ ಯಾವ ಸ್ನಾತಕೋತ್ತರ ಪದವಿಗಳನ್ನು ಪರಿಸರ ವಿಜ್ಞಾನಕ್ಕೆ ಸಂಬಂಧಿಸಿದ್ದೆಂದು ಒಪ್ಪಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆ ಹೇಳುತ್ತದೆ, ಅರ್ಜಿ ಶುಲ್ಕ ಕಟ್ಟುವ ಮೊದಲು ಅದನ್ನು ಓದಿಕೊಳ್ಳಿ.

ಕರ್ನಾಟಕದಲ್ಲಿ ಎಲ್ಲೆಲ್ಲಿ ಅವಕಾಶ ಇದೆ?

ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಈ ಮೂರೂ ಕಡೆ ಪರಿಸರ ವಿಜ್ಞಾನದ ಪ್ರತ್ಯೇಕ ವಿಭಾಗಗಳಿವೆ. ಜೀವಿಪರಿಸರದ ಅಧ್ಯಯನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತ್ಯೇಕ ಕೇಂದ್ರವಿದೆ. ಕಾಡಿನ ವಿಷಯವಾದರೆ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳನ್ನೂ, ನೀರಿನ ಎಂಜಿನಿಯರಿಂಗ್ ಕಡೆಗೆ ಒಲವಿದ್ದರೆ ಸುರತ್ಕಲ್‌ನ ಎನ್‌ಐಟಿಕೆಯನ್ನೂ ನೋಡಬಹುದು. ದೊಡ್ಡ ಹೆಸರಿನ ಸಂಸ್ಥೆಯಲ್ಲಿ ಸೀಟು ಸಿಗಲಿಲ್ಲವೆಂದು ಸಂಶೋಧನೆಯನ್ನೇ ಬಿಟ್ಟವರನ್ನು ಕಂಡಿದ್ದೇನೆ. ನಿಮ್ಮ ಊರಿನ ಹೊಳೆಯನ್ನು ಹತ್ತು ವರ್ಷ ತಪ್ಪದೆ ಅಳೆಯುವ ಕೆಲಸವನ್ನು ಆ ಊರಿನ ಸಮೀಪದ ವಿಶ್ವವಿದ್ಯಾಲಯವೇ ಚೆನ್ನಾಗಿ ಮಾಡಬಲ್ಲದು.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಮಾತಾಡೋಕೆ ನಾಲಿಗೆ ಏಳಲ್ಲ. ನನ್ನಂಥವರಿಗೆ ಆಗುತ್ತಾ?

ಆಗುತ್ತದೆ. ವಿಜ್ಞಾನದ ಮಹಾಪ್ರಬಂಧ ಮತ್ತು ಲೇಖನಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಂಶೋಧನೆ ಮತ್ತು ಅಧ್ಯಾಪನದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯ ಪ್ರಶ್ನೆಪತ್ರಿಕೆಯೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಆದರೆ ಬರೆಯಲು ಕಲಿಯುವುದಕ್ಕೆ ನಾಲ್ಕೈದು ವರ್ಷಗಳ ಕಾಲಾವಕಾಶವಿದೆ, ಯೋಚಿಸುವುದಕ್ಕೆ ಮಾತ್ರ ಮೊದಲ ದಿನದಿಂದಲೇ ಧೈರ್ಯ ಬೇಕು. ಆದ್ದರಿಂದ ನಮ್ಮ ಶನಿವಾರದ ಸಭೆಯಲ್ಲಿ ಯಾರು ಯಾವ ಭಾಷೆಯಲ್ಲಿ ಬೇಕಾದರೂ ಮಾತನಾಡಬಹುದು. ಒಮ್ಮೆ ಒಬ್ಬ ವಿದ್ಯಾರ್ಥಿ ಎರಡು ತಿಂಗಳು ಸಭೆಯಲ್ಲಿ ಬಾಯಿ ಬಿಡದೆ ಕುಳಿತಿದ್ದರು. ಕನ್ನಡದಲ್ಲಿ ಹೇಳಿ ಎಂದ ದಿನ, ನಮ್ಮ ಮಾದರಿ ಸಂಗ್ರಹದ ಸಮಯ ಗದ್ದೆಗೆ ಗೊಬ್ಬರ ಹಾಕುವ ವಾರದ ಜೊತೆ ಸೇರಿಹೋಗಿದೆ, ಹೊಳೆಯ ನೈಟ್ರೇಟ್ ಹೆಚ್ಚಿರುವುದು ಅದರಿಂದಲೇ ಇರಬಹುದು ಎಂದು ಹೇಳಿದರು. ಉಳಿದ ಯಾರಿಗೂ, ನನಗೂ, ಅದು ಹೊಳೆದಿರಲಿಲ್ಲ. ಇದಲ್ಲದೆ ಕ್ಷೇತ್ರದಲ್ಲಿ ರೈತರೊಂದಿಗೆ, ನೀರುಗಂಟಿಯೊಂದಿಗೆ, ಪಂಚಾಯಿತಿಯವರೊಂದಿಗೆ ಮಾತನಾಡಬೇಕಾದವರು ನೀವು. ಅಲ್ಲಿ ನಿಮ್ಮ ಕನ್ನಡವೇ ಸಂಶೋಧನೆಯ ಉಪಕರಣ.

ಎಲ್ಲರನ್ನೂ ಒಳಗೊಳ್ಳುವ ಲ್ಯಾಬ್ ಅಂತೀರಲ್ಲ, ಮೀಸಲಾತಿ ಇದ್ದೇ ಇದೆ. ಅದರ ಮೇಲೆ ಇನ್ನೇನು?

ಮೀಸಲಾತಿ ಬಾಗಿಲು ತೆರೆಯುತ್ತದೆ. ಒಳಗೆ ಬಂದವರು ಉಳಿದು ಕೆಲಸ ಮುಗಿಸಲು ಬೇಕಾದ ಏರ್ಪಾಡುಗಳನ್ನು ಪ್ರಯೋಗಾಲಯವೇ ಮಾಡಬೇಕು. ನಮ್ಮಲ್ಲಿ ಆ ಏರ್ಪಾಡುಗಳು ಬಹಳ ಸಣ್ಣವು: ಕ್ಷೇತ್ರಕ್ಕೆ ಹೊರಡುವ ಮೊದಲೇ ಬಸ್ಸಿನ ಮತ್ತು ಊಟದ ಹಣವನ್ನು ಮುಂಗಡ ಕೊಡುವುದು, ಸಂಜೆ ಐದರ ನಂತರ ಸಭೆ ಇಡದಿರುವುದು, ಕೆಲಸದ ವಿಧಾನಗಳನ್ನೆಲ್ಲ ಬರೆದಿಡುವುದು. ಕೊನೆಯದು ಬಹಳ ಮುಖ್ಯ. ವಿಧಾನ ಹಿರಿಯ ವಿದ್ಯಾರ್ಥಿಯ ತಲೆಯಲ್ಲಷ್ಟೇ ಇದ್ದರೆ ಅವರೊಂದಿಗೆ ಹಾಸ್ಟೆಲಿನಲ್ಲಿ ಇರುವವರು ಬೇಗ ಕಲಿಯುತ್ತಾರೆ, ದಿನವೂ ಊರಿಂದ ಬಂದು ಹೋಗುವವರು ಹಿಂದೆ ಬೀಳುತ್ತಾರೆ.

ಇದರಿಂದ ವಿಜ್ಞಾನಕ್ಕೇನು ಲಾಭವೆಂದು ಕೇಳುವವರಿಗೆ ಒಂದು ಅನುಭವ ಹೇಳಬೇಕು. ಬಯಲುಸೀಮೆಯ ಕೆಲವು ಹಳ್ಳಿಗಳಲ್ಲಿ ಫ್ಲೋರೈಡ್ ಸಮೀಕ್ಷೆ ನಡೆಸುವಾಗ ಊರಿನ ಪ್ರಮುಖರು ತೋರಿಸಿದ ಕೊಳವೆಬಾವಿಗಳನ್ನು ಪಟ್ಟಿ ಮಾಡಿಕೊಂಡು ನಕ್ಷೆ ಸಿದ್ಧಪಡಿಸಿದ್ದೆವು. ತಂಡದಲ್ಲಿದ್ದ ದಲಿತ ಸಮುದಾಯದ ವಿದ್ಯಾರ್ಥಿನಿಯೊಬ್ಬರು ಆ ನಕ್ಷೆಯನ್ನು ನೋಡಿ, ಒಂದೇ ಒಂದು ಗುರುತೂ ಕೇರಿಯ ಒಳಗಿಲ್ಲ ಎಂದರು. ಮತ್ತೆ ಹೋಗಿ ಕೇರಿಯ ಕೈಪಂಪುಗಳ ನೀರನ್ನು ತಂದೆವು. ಆವರೆಗಿನ ನಮ್ಮ ನಕ್ಷೆ ಊರಿನ ಅರ್ಧ ಭಾಗದ ನಕ್ಷೆಯಾಗಿತ್ತು; ಅದನ್ನೇ ಊರಿನ ಸರಾಸರಿ ಎಂದು ಪ್ರಕಟಿಸಿದ್ದರೆ ಅದು ತಪ್ಪು ವಿಜ್ಞಾನವಾಗುತ್ತಿತ್ತು.

ಗೈಡ್‌ಗೆ ಮೊದಲ ಪತ್ರದಲ್ಲಿ ಏನು ಬರೀಬೇಕು?

ಒಂದು ಪುಟ ಸಾಕು. ಏನು ಓದಿದ್ದೀರಿ, ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ, ಆ ಪ್ರಯೋಗಾಲಯದ ಯಾವ ಕೆಲಸವನ್ನು ಓದಿದ್ದೀರಿ, ಎನ್‌ಇಟಿ ಅಥವಾ ಪ್ರವೇಶ ಪರೀಕ್ಷೆ ಆಗಿದೆಯೇ ಎಂಬುದನ್ನು ಬರೆಯಿರಿ. ಮಾರ್ಗದರ್ಶಕರ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಒಂದನ್ನಾದರೂ ತೆರೆದು ನೋಡಿ. ಜಾತಿ, ಮದುವೆ, ಮನೆಯ ಕಷ್ಟಗಳ ವಿವರ ಈ ಪತ್ರದಲ್ಲಿ ಬೇಕಿಲ್ಲ. ಅಂಗವೈಕಲ್ಯಕ್ಕೆ ಸಂಬಂಧಿಸಿದ ಅನುಕೂಲ ಬೇಕಿದ್ದರೆ ಬರೆಯಬಹುದು, ಸೇರಿದ ಮೇಲೆ ಹೇಳಿದರೂ ತಡವಾಗುವುದಿಲ್ಲ. ಪತ್ರವನ್ನು ಕನ್ನಡದಲ್ಲಿ ಬರೆದರೂ ನಾನು ಉತ್ತರಿಸುತ್ತೇನೆ.

## ಅರ್ಹತೆ ಮತ್ತು ಹಣ

ಪಿಎಚ್.ಡಿ.ಗೆ ಎಷ್ಟು ಪರ್ಸೆಂಟ್ ಬೇಕು? ಯಾವ ಪರೀಕ್ಷೆ ಬರೀಬೇಕು?

ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರು ನೇರವಾಗಿ ಅರ್ಜಿ ಹಾಕಬಹುದು.

ಪರೀಕ್ಷೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಯುಜಿಸಿ ಎನ್‌ಇಟಿಯಲ್ಲಿ ಪರಿಸರ ವಿಜ್ಞಾನಕ್ಕೆ ತನ್ನದೇ ಪತ್ರಿಕೆ ಇದೆ. ವಿಜ್ಞಾನ ವಿಷಯಗಳಿಗಾಗಿಯೇ ಇರುವ ಸಿಎಸ್‌ಐಆರ್ ಎನ್‌ಇಟಿಯಲ್ಲಿ ಅಂಥ ಪ್ರತ್ಯೇಕ ಪತ್ರಿಕೆ ಇಲ್ಲ, ಅಲ್ಲಿ ಜೀವವಿಜ್ಞಾನ, ರಸಾಯನ ವಿಜ್ಞಾನ ಅಥವಾ ಭೂವಿಜ್ಞಾನದ ಪತ್ರಿಕೆ ಬರೆಯಬೇಕು. ಎಂಜಿನಿಯರಿಂಗ್ ಮತ್ತು ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಸೇರಿದೆ. 2024ರಿಂದ ಯುಜಿಸಿ ಎನ್‌ಇಟಿ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರು, ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಎರಡಕ್ಕೂ ಅರ್ಹರು, ಪಿಎಚ್.ಡಿ.ಗೆ ಮಾತ್ರ ಅರ್ಹರು. ಕೊನೆಯ ಎರಡು ವರ್ಗದವರ ಪ್ರವೇಶಕ್ಕೆ ಎನ್‌ಇಟಿ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿರುತ್ತದೆ, ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಇದರೊಂದಿಗೆ ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವ ರಾಜ್ಯ ವಿಶ್ವವಿದ್ಯಾಲಯಗಳೂ ಇವೆ.

ಕೆ-ಸೆಟ್ ಪಾಸಾಗಿದ್ದೇನೆ. ಫೆಲೋಶಿಪ್ ಸಿಗುತ್ತಲ್ವಾ?

ಕೆ-ಸೆಟ್ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ, ಅದರಿಂದ ಫೆಲೋಶಿಪ್ ಬರುವುದಿಲ್ಲ.

ತಿಂಗಳಿಗೆ ಎಷ್ಟು ಬರುತ್ತೆ? ಮನೆಯಲ್ಲಿ ದುಡಿಯೋಳು ನಾನೊಬ್ಬಳೇ, ಲೆಕ್ಕ ಹಾಕದೆ ಸೇರೋಕಾಗಲ್ಲ.

ಲೆಕ್ಕ ಹಾಕಿಯೇ ಸೇರಬೇಕು. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದರೆ 42,000 ರೂಪಾಯಿ; ಮನೆಬಾಡಿಗೆ ಭತ್ಯೆ ಪ್ರತ್ಯೇಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ತಂದೆ ತಾಯಿಗೆ ಒಬ್ಬಳೇ ಮಗಳಾದವರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಈ ಯಾವುದೂ ಇಲ್ಲದವರು ಯೋಜನಾ ಸಹಾಯಕರಾಗಿ ಸೇರಿ, ನಂತರ ಪಿಎಚ್.ಡಿ. ನೋಂದಣಿ ಮಾಡಿಸುವ ದಾರಿಯೂ ಇದೆ.

ಮಂಜೂರಾದ ಹಣ ಮತ್ತು ಕೈಗೆ ಬಂದ ಹಣ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿಸುವುದು ನನ್ನ ಕರ್ತವ್ಯ. ಮೊದಲ ಕಂತಿಗೆ ಹಲವು ತಿಂಗಳು ಕಾಯಬೇಕಾಗಬಹುದು, ಆಮೇಲೂ ತಡವಾಗುವುದುಂಟು. ನನ್ನ ಸಂಶೋಧನೆಯ ಮೊದಲ ವರ್ಷದಲ್ಲಿ ಹೀಗೆ ತಡವಾದಾಗ ಹಾಸ್ಟೆಲಿನ ಮೆಸ್ ಬಾಕಿ ತೀರಿಸಲು ಅಮ್ಮ ತನ್ನ ಬಳೆ ಅಡವಿಟ್ಟಿದ್ದಳು. ಆದ್ದರಿಂದ ಸೇರುವ ಮೊದಲು ಮಾರ್ಗದರ್ಶಕರನ್ನು ನೇರವಾಗಿ ಕೇಳಿ: ಹಣ ಬರುವವರೆಗೆ ಏನು ವ್ಯವಸ್ಥೆ ಇದೆ, ರಾಸಾಯನಿಕಗಳ ವೆಚ್ಚವನ್ನು ಯಾರು ಕೊಡುತ್ತಾರೆ, ಹಾಸ್ಟೆಲ್ ಸಿಗುತ್ತದೆಯೇ. ಈ ಪ್ರಶ್ನೆಗಳಿಗೆ ಸಿಡುಕುವ ಮಾರ್ಗದರ್ಶಕರ ಬಳಿ ಸೇರಬೇಡಿ.

ಮದುವೆಯಾಗಿ ಎಂಟು ವರ್ಷ, ಮಗ ಎರಡನೇ ಕ್ಲಾಸು. ಈಗ ಶುರು ಮಾಡಿದರೆ ತಡ ಆಯ್ತಾ?

ಪಿಎಚ್.ಡಿ. ನೋಂದಣಿಗೆ ಯುಜಿಸಿ ವಯೋಮಿತಿ ವಿಧಿಸಿಲ್ಲ. ಜೆಆರ್‌ಎಫ್‌ಗೆ ಮಾತ್ರ 30 ವರ್ಷದ ಮಿತಿ ಇದೆ. ಮಹಿಳೆಯರಿಗೆ ಅದರಲ್ಲಿ 5 ವರ್ಷದ ಸಡಿಲಿಕೆ ಸಿಗುತ್ತದೆ. ಓದು ನಿಲ್ಲಿಸಿ ಮತ್ತೆ ಮರಳುವ ಮಹಿಳೆಯರಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳಿವೆ. ಅವಧಿಯ ವಿಷಯದಲ್ಲಿಯೂ 2022ರ ನಿಯಮಾವಳಿ ಉದಾರವಾಗಿದೆ: ಎಲ್ಲರಿಗೂ ಕನಿಷ್ಠ ಮೂರು, ಗರಿಷ್ಠ ಆರು ವರ್ಷ; ಮರುನೋಂದಣಿಯಿಂದ ಇನ್ನೆರಡು ವರ್ಷ; ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೂ ಎರಡು ವರ್ಷ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನಗಳ ರಜೆ ಪಡೆಯಬಹುದು. ಮನೆ ನಡೆಸಿದವರಿಗೆ ಸಮಯ ಹಂಚಿಕೊಳ್ಳುವುದು ಗೊತ್ತಿರುತ್ತದೆ ಎಂಬುದು ನನ್ನ ಅನುಭವ. ಮಗನನ್ನು ಶಾಲೆಗೆ ಬಿಟ್ಟು ಹತ್ತು ಗಂಟೆಗೆ ಬಂದು, ನಾಲ್ಕಕ್ಕೆ ಹೊರಡುತ್ತಿದ್ದ ವಿದ್ಯಾರ್ಥಿನಿಯ ಪುಸ್ತಕದಲ್ಲಿದ್ದಷ್ಟು ಅಚ್ಚುಕಟ್ಟಾದ ಅಂಕಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ.

## ಬೆಂಚಿನಲ್ಲಿ, ಬಯಲಿನಲ್ಲಿ

ನನಗೆ ಕೆಂಪು, ಹಸಿರು ಬಣ್ಣ ಸರಿಯಾಗಿ ಗೊತ್ತಾಗಲ್ಲ. ಟೈಟ್ರೇಶನ್ ಮಾಡೋಕಾಗದವನನ್ನು ತಗೋತೀರಾ?

ಖಂಡಿತ ತೆಗೆದುಕೊಳ್ಳುತ್ತೇವೆ. ಪದವಿ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಬಣ್ಣ ತಪ್ಪಾಗಿ ಗುರುತಿಸಿ ಅಂಕ ಕಳೆದುಕೊಂಡು, ತನಗೆ ರಸಾಯನಶಾಸ್ತ್ರವೇ ಬರುವುದಿಲ್ಲವೆಂದು ನಂಬಿ ಬಂದವರಿದ್ದಾರೆ. ಟೈಟ್ರೇಶನ್ ಎಂದರೆ ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವುದು. ಹೀಗೆ ಕ್ಷಾರೀಯತೆ ಅಳೆಯುವಾಗ ಮೀಥೈಲ್ ಆರೆಂಜ್ ಎಂಬ ಸೂಚಕ ಹಳದಿಯಿಂದ ಕಿತ್ತಳೆಗೆ ತಿರುಗುವ ಗಳಿಗೆಯನ್ನು ಹಿಡಿಯುವುದು ಸರಿಯಾದ ಕಣ್ಣಿನವರಿಗೂ ಕಷ್ಟ. ಅದೇ ಅಳತೆಯನ್ನು ನೀರಿನ ಆಮ್ಲೀಯತೆ ತೋರಿಸುವ ಪಿಎಚ್ ಮೀಟರ್ ಅದ್ದಿ, ಪಿಎಚ್ 4.5ಕ್ಕೆ ಇಳಿಯುವವರೆಗೆ ಆಮ್ಲ ಬಿಟ್ಟು ಮಾಡಬಹುದು, ಫಲಿತಾಂಶ ಇನ್ನೂ ನಿಖರವಾಗಿರುತ್ತದೆ. ಕ್ಲೋರೈಡ್‌ಗೆ ಬೆಳ್ಳಿಯ ಎಲೆಕ್ಟ್ರೋಡ್, ಕರಗಿದ ಆಮ್ಲಜನಕಕ್ಕೆ ಪ್ರೋಬ್ ಇವೆ. ಪಿಎಚ್ ಮೀಟರಿನ ವಿಧಾನವನ್ನು ನಾವು ಒಬ್ಬ ವಿದ್ಯಾರ್ಥಿಗಾಗಿ ಆರಂಭಿಸಿದೆವು. ಇಬ್ಬರು ಮಾಡಿದರೆ ಎರಡು ಬಗೆಯ ಉತ್ತರ ಬರುವ ತೊಂದರೆ ಕಡಿಮೆಯಾದದ್ದರಿಂದ ಈಗ ಎಲ್ಲರೂ ಅದನ್ನೇ ಬಳಸುತ್ತಾರೆ. ನಕ್ಷೆಗಳಲ್ಲಿಯೂ ಕೆಂಪು–ಹಸಿರು ಜೋಡಿಯನ್ನು ಬಿಟ್ಟಿದ್ದೇವೆ.

ಗಾಲಿಕುರ್ಚಿ ಬಳಸ್ತೀನಿ. ಕೆರೆ ಏರಿ ಹತ್ತೋಕಾಗಲ್ಲ, ಪರಿಸರ ವಿಜ್ಞಾನ ನನಗಲ್ಲ ಅಂತ ಎಲ್ಲರೂ ಹೇಳ್ತಾರೆ.

ಹೇಳುವವರು ಪರಿಸರ ವಿಜ್ಞಾನದ ಒಂದು ಭಾಗವನ್ನಷ್ಟೇ ನೋಡಿರುತ್ತಾರೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಉಚಿತ. ಸೆಂಟಿನೆಲ್-2 ಉಪಗ್ರಹ 10 ಮೀಟರ್ ಸೂಕ್ಷ್ಮತೆಯ ಚಿತ್ರ ಕೊಡುತ್ತದೆ. ಒಂದು ಜಿಲ್ಲೆಯ ಕೆರೆಗಳ ನೀರಿನ ಹರವು ಹೇಗೆ ಕುಗ್ಗುತ್ತ ಬಂದಿದೆ ಎಂಬುದನ್ನು ನಕ್ಷೆ ತಯಾರಿಸುವ ಉಚಿತ ತಂತ್ರಾಂಶವಾದ ಕ್ಯೂಜಿಐಎಸ್‌ನಿಂದ ಕುಳಿತಲ್ಲೇ ಅಧ್ಯಯನ ಮಾಡಬಹುದು. ಹಾಗೆಂದು ನಿಮ್ಮನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಬಿಡುವುದು ಸರಿಯೆಂದು ನಾನು ಒಪ್ಪುವುದಿಲ್ಲ. ವಾಹನ ಹೋಗುವ ದಾರಿಯಿರುವ ತೂಬು, ಸೇತುವೆ, ಕೊಳವೆಬಾವಿಗಳನ್ನು ಸೇರಿಸಿ ಮಾದರಿ ಸ್ಥಳಗಳನ್ನು ಆರಿಸಿಕೊಳ್ಳಲು ಸಾಧ್ಯವಿದೆ. ಬೆಂಚಿನ ಎತ್ತರ, ರ‍್ಯಾಂಪ್, ಶೌಚಾಲಯ ಇವುಗಳನ್ನು ಒದಗಿಸುವುದು ವಿಶ್ವವಿದ್ಯಾಲಯದ ಹೊಣೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನೂ ಮೀಸಲಿಟ್ಟಿದೆ. ಭೇಟಿಗೆ ಬಂದು ಕಟ್ಟಡವನ್ನು ನೋಡಿ, ಎಲ್ಲಿ ಏನು ಬದಲಾಗಬೇಕೆಂದು ಹೇಳಿ. ಅದನ್ನು ಮಾಡಿಸಲು ಬೇಕಾದ ಪತ್ರವ್ಯವಹಾರ ನಮ್ಮ ಕೆಲಸ.

ಹೆಣ್ಣುಮಕ್ಕಳನ್ನು ಬೆಳಗಿನ ಜಾವ ಕೆರೆಗೆ ಕಳಿಸ್ತೀರಂತೆ. ಮನೆಯಲ್ಲಿ ಒಪ್ಪಲ್ಲ.

ಕೆರೆಯ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ರಾತ್ರಿಯಿಡೀ ಪಾಚಿ ಮತ್ತು ಜಲಸಸ್ಯಗಳು ಆಮ್ಲಜನಕ ಉತ್ಪಾದಿಸದೆ ಉಸಿರಾಡುತ್ತಲೇ ಇರುತ್ತವೆ, ಮೀನುಗಳು ಸಾಯುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಆದ್ದರಿಂದ ಆ ಸಮಯದ ಅಳತೆ ಬೇಕೇ ಬೇಕು. ಹುಡುಗಿಯರು ಬೇಡ, ಹುಡುಗರೇ ಹೋಗಲಿ ಎನ್ನುವುದು ಸುಲಭದ ಪರಿಹಾರದಂತೆ ಕಾಣುತ್ತದೆ. ಅದರಿಂದ ಮುಖ್ಯವಾದ ಅಂಕಿಗಳೆಲ್ಲ ಹುಡುಗರ ಹೆಸರಿಗೆ ಹೋಗುತ್ತವೆ. ನಮ್ಮಲ್ಲಿ ಯಾರೂ ಒಂಟಿಯಾಗಿ ಕ್ಷೇತ್ರಕ್ಕೆ ಹೋಗುವುದಿಲ್ಲ, ಗಂಡಸರಾದರೂ ಅಷ್ಟೇ. ಹಿಂದಿನ ಸಂಜೆಯೇ ಊರಿಗೆ ಹೋಗಿ ಪರಿಚಯದ ಮನೆಯಲ್ಲಿ ತಂಗುತ್ತೇವೆ, ಅಥವಾ ದಾಖಲಿಸುವ ಸಾಧನವನ್ನು ನೀರಿನಲ್ಲಿ ಬಿಟ್ಟು ಬೆಳಗಾದ ಮೇಲೆ ತರುತ್ತೇವೆ. ದಾರಿಯಲ್ಲಿ ಬಳಸಬಹುದಾದ ಶೌಚಾಲಯ ಎಲ್ಲಿದೆ ಎಂಬುದನ್ನು ಮಾದರಿ ಸ್ಥಳಗಳ ನಕ್ಷೆಯಲ್ಲೇ ಗುರುತಿಸಿರುತ್ತೇವೆ. ಮುಟ್ಟಿನ ದಿನಗಳಲ್ಲಿ ಸರದಿ ಬದಲಿಸಿಕೊಳ್ಳಲು ಕಾರಣ ಹೇಳಬೇಕಿಲ್ಲ. ಮನೆಯವರಿಗೆ ಅನುಮಾನವಿದ್ದರೆ ಒಂದು ದಿನ ಜೊತೆಗೆ ಬಂದು ನೋಡಬಹುದು, ಹಾಗೆ ಬಂದ ತಂದೆಯೊಬ್ಬರು ನಮಗೆ ಆ ಕೆರೆಯ ಹಳೆಯ ತೂಬಿನ ಜಾಗ ತೋರಿಸಿಕೊಟ್ಟರು.

ಗರ್ಭಿಣಿ ಅಂತ ಗೊತ್ತಾದ ಮೇಲೆ ಲ್ಯಾಬ್ ಕೆಲಸ ಮುಂದುವರಿಸಬಹುದಾ?

ವೈದ್ಯರ ಸಲಹೆ ಮೊದಲು. ನಮ್ಮ ಕಡೆಯಿಂದ ಕೆಲವು ಕೆಲಸಗಳನ್ನು ತಕ್ಷಣ ಬೇರೆಯವರಿಗೆ ವಹಿಸುತ್ತೇವೆ: ನೀರಿನ ಕೊಳೆಯನ್ನು ರಾಸಾಯನಿಕಗಳಿಂದ ಉತ್ಕರ್ಷಿಸಿ ಅಳೆಯುವ ಸಿಒಡಿ ಪರೀಕ್ಷೆಯಲ್ಲಿ ಪಾದರಸದ ಲವಣ ಮತ್ತು ಡೈಕ್ರೋಮೇಟ್ ಇರುತ್ತವೆ, ಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು) ಕಾಪಿಡಲು ಬಳಸುವ ಫಾರ್ಮಲಿನ್‌ನ ಆವಿ ಒಳ್ಳೆಯದಲ್ಲ. ಫಾರ್ಮಲಿನ್ ಬದಲು ಸಸ್ಯಪ್ಲವಕಗಳಿಗೆ ಲ್ಯೂಗಾಲ್ ಅಯೋಡಿನ್ ಬಳಸಬಹುದು. ವಿಷಯವನ್ನು ಎಲ್ಲರಿಗೂ ತಿಳಿಸಬೇಕಾಗಿಲ್ಲ, ನನಗೆ ಅಥವಾ ಸುರಕ್ಷತೆ ನೋಡಿಕೊಳ್ಳುವವರಿಗೆ ಹೇಳಿದರೆ ಸಾಕು.

ಕಾಡಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಭಯ. ಏನು ಮುನ್ನೆಚ್ಚರಿಕೆ?

ಈ ರೋಗವನ್ನು ಮೊದಲು ಗುರುತಿಸಿದ್ದೇ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗುಗಳ ಕಡಿತದಿಂದ ಇದು ಹರಡುತ್ತದೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅಪಾಯ ಹೆಚ್ಚು. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಬಂದ ಪ್ರದೇಶಗಳಿಗೆ ನಾವು ಹೋಗುವುದಿಲ್ಲ. ಬೇರೆ ಕಡೆ ಹೋಗುವಾಗ ಮೈ ತುಂಬ ಬಟ್ಟೆ ಧರಿಸಿ, ಉಣುಗುಗಳನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಂಡು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

## ಸೇರಿದ ನಂತರ

ಲ್ಯಾಬಿನಲ್ಲಿ ಜಾತಿ ಎತ್ತಿ ಮಾತಾಡಿದರೆ, ಅಸಭ್ಯವಾಗಿ ನಡೆದುಕೊಂಡರೆ ಯಾರಿಗೆ ಹೇಳೋದು? ಗೈಡೇ ಹಾಗೆ ಮಾಡಿದರೆ?

ಮಾರ್ಗದರ್ಶಕರನ್ನು ದಾಟಿ ಹೋಗುವ ದಾರಿ ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಬೇಕು. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳಂತೆ ಆಂತರಿಕ ಸಮಿತಿ ಇದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಬರೆಯಲು ಕಷ್ಟವಾದರೆ ನೆರವು ಕೇಳಬಹುದು. ಜಾತಿ ತಾರತಮ್ಯದ ದೂರಿಗೆ ಸಮಾನ ಅವಕಾಶ ಕೋಶ ಮತ್ತು ಪರಿಶಿಷ್ಟ ಜಾತಿ, ಪಂಗಡಗಳ ಕೋಶಗಳಿವೆ. ದಿನಾಂಕ, ಸ್ಥಳ, ಆಡಿದ ಮಾತು, ಜೊತೆಗಿದ್ದವರು ಇವನ್ನು ಅಂದೇ ಬರೆದಿಟ್ಟುಕೊಳ್ಳಿ. ನನ್ನ ಮೇಲೆಯೇ ದೂರಿದ್ದರೂ ಯಾರ ಬಳಿ ಹೋಗಬೇಕೆಂಬ ವಿವರ ನಮ್ಮ ಪ್ರಯೋಗಾಲಯದ ಬಾಗಿಲ ಹಿಂದೆ ಅಂಟಿಸಿದೆ. ಕ್ಷೇತ್ರದಲ್ಲಿ ನಡೆಯುವ ಅವಮಾನವೂ ನಮ್ಮ ಹೊಣೆಯೇ. ಬಾವಿಯಿಂದ ನೀರು ಸೇದುವ ಮೊದಲು ನೀನು ಯಾರ ಪೈಕಿ ಎಂದು ವಿದ್ಯಾರ್ಥಿಯನ್ನು ಕೇಳಿದ ಊರಿನಿಂದ ತಂಡ ಒಟ್ಟಾಗಿ ಹಿಂದಿರುಗಿತ್ತು. ಅವರನ್ನು ಬಿಟ್ಟು ಉಳಿದವರು ಮಾದರಿ ತರುವ ಮಾತೇ ಬರಲಿಲ್ಲ.

ಗಂಡನಿಗೆ ಬೇರೆ ಊರಿಗೆ ವರ್ಗ ಆಯ್ತು. ಅರ್ಧ ಮುಗಿದ ಪಿಎಚ್.ಡಿ. ಏನಾಗುತ್ತೆ?

ಮದುವೆ ಅಥವಾ ಬೇರೆ ಕಾರಣದಿಂದ ಊರು ಬದಲಿಸುವ ಮಹಿಳೆಯರು ತಮ್ಮ ಸಂಶೋಧನಾ ದತ್ತಾಂಶದೊಂದಿಗೆ ಬೇರೆ ಸಂಸ್ಥೆಗೆ ವರ್ಗಾವಣೆಯಾಗಲು ಯುಜಿಸಿ ನಿಯಮ ಅವಕಾಶ ಕೊಡುತ್ತದೆ. ಈವರೆಗಿನ ಕೆಲಸದಲ್ಲಿ ಹಳೆಯ ಮಾರ್ಗದರ್ಶಕರಿಗೆ ಮತ್ತು ಸಂಸ್ಥೆಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕು. ದತ್ತಾಂಶವನ್ನು ಮೊದಲ ದಿನದಿಂದಲೇ ಕ್ರಮವಾಗಿ ಇಟ್ಟಿದ್ದರೆ ಈ ವರ್ಗಾವಣೆ ಸುಲಭ.

ಲೇಖನದಲ್ಲಿ ಯಾರ ಹೆಸರು ಮೊದಲು? ಮಾದರಿ ತಂದುಕೊಟ್ಟವರ ಹೆಸರೂ ಹಾಕಬೇಕಾ?

ಕೆಲಸ ಆರಂಭಿಸುವ ದಿನವೇ ಈ ಮಾತುಕತೆ ನಡೆಸಿ, ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತೇವೆ. ಕೆಲಸ ಬದಲಾದಂತೆ ಹಾಳೆಯನ್ನೂ ತಿದ್ದುತ್ತೇವೆ. ಬರೆದವರ ಹೆಸರು ಮೊದಲು ಬರುತ್ತದೆ. ಅಳತೆಯ ವಿಧಾನವನ್ನೋ ಸ್ಥಳದ ಆಯ್ಕೆಯನ್ನೋ ರೂಪಿಸಿದವರು ಸಹಲೇಖಕರು. ಇಂಗ್ಲಿಷ್ ಚೆನ್ನಾಗಿ ಬರುವ ಸಹಪಾಠಿ ಕೊನೆಯ ವಾರದಲ್ಲಿ ವಾಕ್ಯ ತಿದ್ದಿಕೊಟ್ಟು ಮೊದಲ ಹೆಸರು ಕೇಳುವುದನ್ನು ನಾನು ಒಪ್ಪುವುದಿಲ್ಲ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ. 10 ದಾಟಬಾರದೆಂಬುದು ಯುಜಿಸಿಯ 2018ರ ನಿಯಮ. ಸ್ವಂತ ವಾಕ್ಯ ಬರೆಯಲು ಬೇಗ ಕಲಿಯಲು ಅದೂ ಒಂದು ಕಾರಣ.

ಊರಿನವರು ನಮ್ಮ ಬಾವಿ ನೀರು ಹೇಗಿದೆ ಅಂತ ಕೇಳ್ತಾರೆ. ಲೇಖನ ಪ್ರಕಟ ಆಗೋವರೆಗೆ ಹೇಳಬಾರದು ಅಂತಾರಲ್ಲ?

ಕುಡಿಯುವ ನೀರಿನ ಫಲಿತಾಂಶವನ್ನು ಪ್ರಕಟಣೆಗಾಗಿ ಬಚ್ಚಿಡಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪಬಹುದು, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಮಿತಿ ಮೀರಿದ ಅಳತೆ ಕಂಡರೆ ಮೊದಲು ಅದೇ ಬಾವಿಯಿಂದ ಮತ್ತೊಂದು ಮಾದರಿ ತಂದು ಖಚಿತಪಡಿಸಿಕೊಳ್ಳುತ್ತೇವೆ, ನಂತರ ಬಾವಿಯವರಿಗೆ ಮತ್ತು ಪಂಚಾಯಿತಿಗೆ ಕನ್ನಡದಲ್ಲಿ ಬರೆದು ಕೊಡುತ್ತೇವೆ. ಹೇಳುವ ರೀತಿಯೂ ಮುಖ್ಯ. ಕುದಿಸಿ ಕುಡಿಯಿರಿ ಎಂಬ ಸಾಮಾನ್ಯ ಸಲಹೆ ಇಲ್ಲಿ ನಡೆಯುವುದಿಲ್ಲ: ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಅಷ್ಟೂ ಉಳಿಯುತ್ತದೆ, ಅದರ ಸಾಂದ್ರತೆ ಹೆಚ್ಚುತ್ತದೆ. ಅಕ್ಷರ ಓದದ ಅಜ್ಜಿಗೆ ಇದನ್ನು ಅರ್ಥವಾಗುವಂತೆ ಹೇಳಲು, ಸಾರು ಕುದಿದಷ್ಟೂ ಉಪ್ಪು ಜಾಸ್ತಿಯಾಗುವುದಿಲ್ಲವೇ ಎಂದು ಕೇಳಿದ್ದು ನಮ್ಮ ಒಬ್ಬ ವಿದ್ಯಾರ್ಥಿನಿ. ಆ ಮಾತನ್ನು ನಾವು ಈಗ ಪ್ರತಿ ಊರಿನಲ್ಲೂ ಬಳಸುತ್ತೇವೆ, ಹೊಸದಾಗಿ ಸೇರಿದವರಿಗೆ ಕೊಡುವ ವಿಧಾನಗಳ ಪುಸ್ತಕದಲ್ಲಿ, ಫ್ಲೋರೈಡ್ ಎಲೆಕ್ಟ್ರೋಡ್ ಬಳಸುವ ಕ್ರಮದ ಕೆಳಗೆ, ಅವರ ಹೆಸರಿನೊಂದಿಗೆ ಅದನ್ನು ಬರೆದಿಟ್ಟಿದ್ದೇವೆ.